ರೀಫಂಡ್ ಬಂತು ಅಂತ ಸ್ವೀಟ್ ಹಂಚುವ ಮೊದಲು ಪೇಸ್ಲಿಪ್ ತೆಗೆದು ನೋಡಿ

ನಮ್ಮ ಆಫೀಸಿನಲ್ಲಿ ಆಗಸ್ಟ್ ಬಂತೆಂದರೆ ಯಾರಾದರೂ ಒಬ್ಬರು ಸ್ವೀಟ್ ಬಾಕ್ಸ್ ತರುತ್ತಾರೆ. ಮಗು ಹುಟ್ಟಿದ್ದಕ್ಕಲ್ಲ, ಸೈಟು ತಗೊಂಡಿದ್ದಕ್ಕೂ ಅಲ್ಲ. ಇನ್‌ಕಮ್ ಟ್ಯಾಕ್ಸ್ ರೀಫಂಡ್ ಬಂದಿದ್ದಕ್ಕೆ. ಒಂದು ವರ್ಷ ಆ ಬಾಕ್ಸ್ ತಂದವನು ನಾನೇ. ಸಂಜೆ ಮನೆಗೆ ಹೋಗಿ ಅಪ್ಪನಿಗೂ ಹೇಳಿದೆ. ಅವರು ಪೇಪರ್‌ನಿಂದ ತಲೆ ಎತ್ತದೆ ಕೇಳಿದರು: "ಅದು ನಿಂದೇ ದುಡ್ಡಲ್ವೇನೋ? ಅವರ ಹತ್ರ ಯಾಕೆ ಹೋಗಿತ್ತು ಮತ್ತೆ?"

ಉತ್ತರ ಹೊಳೆಯಲಿಲ್ಲ. ರಾತ್ರಿ ಪೇಸ್ಲಿಪ್‌ಗಳನ್ನೆಲ್ಲ ತೆಗೆದು ಕೂತಾಗ ಗೊತ್ತಾಯಿತು, ತಪ್ಪು ಬಹುಪಾಲು ನನ್ನದೇ. ಏಪ್ರಿಲ್‌ನಲ್ಲಿ ಎಚ್‌ಆರ್‌ನವರು ಕಳಿಸಿದ್ದ ಒಂದು ಮೇಲ್ ಓದದೆ ಬಿಟ್ಟಿದ್ದೆ, ಅಷ್ಟೇ.

ಸಂಬಳ ಕೊಡುವ ಮೊದಲೇ ಕಂಪನಿ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆಯೇ ಟಿಡಿಎಸ್. ಅದಕ್ಕೆ ಬ್ಯಾಂಕ್ ಎಫ್‌ಡಿ ಬಡ್ಡಿಯ ಹಾಗೆ ಇಂತಿಷ್ಟು ಪರ್ಸೆಂಟ್ ಅಂತ ನಿಗದಿ ಇಲ್ಲ. ಈ ನೌಕರನಿಗೆ ವರ್ಷವಿಡೀ ಎಷ್ಟು ಸಂಬಳ ಬರಬಹುದು ಅಂತ ಕಂಪನಿ ಅಂದಾಜು ಮಾಡುತ್ತದೆ, ಅದಕ್ಕೆ ತೆರಿಗೆ ಎಷ್ಟಾಗುತ್ತದೆ ನೋಡುತ್ತದೆ, ಅದನ್ನು ತಿಂಗಳು ತಿಂಗಳು ಹಂಚಿ ಹಿಡಿಯುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 192ನೇ ಕಲಂ ಹೇಳುವುದು ಇದನ್ನೇ. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಹೊಸ ಕಾಯ್ದೆಯಲ್ಲಿ ಇದು 392ನೇ ಕಲಂ. ನಂಬರ್ ಬದಲಾಗಿದೆ, ಕೆಲಸ ಅದೇ. ಇಲ್ಲಿ ಕಲಂಗಳಿಗೂ ಫಾರ್ಮ್‌ಗಳಿಗೂ ಎಲ್ಲರಿಗೂ ಬಾಯಿಪಾಠ ಆಗಿರುವ ಹಳೇ ನಂಬರ್‌ಗಳನ್ನೇ ಬಳಸುತ್ತೇನೆ, ನಿಮ್ಮ ಆಡಿಟರ್ ಕೂಡ ಇನ್ನೂ ಕೆಲವು ವರ್ಷ ಹಾಗೇ ಮಾತಾಡುತ್ತಾರೆ.

ಇಲ್ಲಿ ಮುಖ್ಯ ಪದ 'ಅಂದಾಜು'. ಅಂದಾಜು ಮಾಡುವವರಿಗೆ ನಾವು ಏನು ಹೇಳುತ್ತೇವೋ ಅದರ ಮೇಲೆ ಕಟಾವು ನಿರ್ಧಾರವಾಗುತ್ತದೆ. ಹೇಳದೇ ಇದ್ದರೆ ಅವರು ತಮಗೆ ಗೊತ್ತಿರುವಷ್ಟರಲ್ಲೇ ಲೆಕ್ಕ ಹಾಕುತ್ತಾರೆ.

ಒಂದು ಲೆಕ್ಕ ಮಾಡಿ ನೋಡೋಣ. ಬೆಂಗಳೂರಿನಲ್ಲಿ ಒಬ್ಬಾಕೆಗೆ ವರ್ಷಕ್ಕೆ 15 ಲಕ್ಷ ಸಂಬಳ. ಹೊಸ ಪದ್ಧತಿ (ದರ ಕಮ್ಮಿ, ಆದರೆ ಬಾಡಿಗೆ, ಉಳಿತಾಯದಂಥ ವಿನಾಯಿತಿಗಳು ಬಹುತೇಕ ಇಲ್ಲ; ಅವು ಸಿಗುವುದು ಹಳೇ ಪದ್ಧತಿಯಲ್ಲಿ), ಹಣಕಾಸು ವರ್ಷ 2025-26. ಸಂಬಳದವರಿಗೆಲ್ಲ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 14.25 ಲಕ್ಷ ಉಳಿಯಿತು. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ, ಮುಂದಿನ 4 ಲಕ್ಷಕ್ಕೆ 5 ಪರ್ಸೆಂಟ್ ಅಂದರೆ 20,000, ಅದರ ಮುಂದಿನ 4 ಲಕ್ಷಕ್ಕೆ 10 ಪರ್ಸೆಂಟ್ ಅಂದರೆ 40,000, ಉಳಿದ 2.25 ಲಕ್ಷಕ್ಕೆ 15 ಪರ್ಸೆಂಟ್ ಅಂದರೆ 33,750. ಒಟ್ಟು 93,750. ಮೇಲೆ 4 ಪರ್ಸೆಂಟ್ ಸೆಸ್ ಸೇರಿ 97,500. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 8,125 ರೂಪಾಯಿ. ಅವಳ ಪೇಸ್ಲಿಪ್‌ನಲ್ಲಿ ಏಪ್ರಿಲ್‌ನಿಂದ ಕಾಣುವ ಅಂಕಿ ಇದು.

ಈಗ ಅವಳು ಡಿಸೆಂಬರ್ ಕೊನೆಗೆ ಕೆಲಸ ಬಿಟ್ಟಳು ಅಂತಿಟ್ಟುಕೊಳ್ಳಿ. ಅತ್ತೆಗೆ ಹುಷಾರಿಲ್ಲ, ಹಾಸನಕ್ಕೆ ಹೋಗಬೇಕಾಯಿತು. ಒಂಬತ್ತು ತಿಂಗಳಿಗೆ ಸಿಕ್ಕಿದ ಸಂಬಳ 11.25 ಲಕ್ಷ. 2025ರ ಬಜೆಟ್ ನಂತರ ಹೊಸ ಪದ್ಧತಿಯಲ್ಲಿ ಸಂಬಳದವರಿಗೆ 12.75 ಲಕ್ಷದವರೆಗೆ ತೆರಿಗೆಯೇ ಬರುವುದಿಲ್ಲ, ಲೆಕ್ಕದಲ್ಲಿ ಬಂದದ್ದನ್ನು ರಿಬೇಟ್ ಅಂತ ಪೂರ್ತಿ ಬಿಟ್ಟುಬಿಡುತ್ತಾರೆ. ಅಂದರೆ ಅವಳ ತೆರಿಗೆ ಸೊನ್ನೆ. ಕಂಪನಿ ಕೊನೆಯ ತಿಂಗಳ ಕಟಾವು ಬಿಡಬಹುದು, ಆದರೆ ನವೆಂಬರ್‌ವರೆಗೆ ಹಿಡಿದ 65,000 ರೂಪಾಯಿ ಆಗಲೇ ಸರ್ಕಾರಕ್ಕೆ ಕಟ್ಟಿಯಾಗಿದೆ. ಮಾರ್ಚ್ ಬಿಟ್ಟು ಪ್ರತಿ ತಿಂಗಳ ಟಿಡಿಎಸ್ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಹೋಗಿಬಿಡುತ್ತದೆ. ಹೆಚ್ಚು ಹಿಡಿದದ್ದನ್ನು ಮುಂದಿನ ಸಂಬಳದಲ್ಲಿ ಸರಿಮಾಡಲು ಕಾನೂನಿನಲ್ಲಿ ಅವಕಾಶ ಇದೆ, ಆದರೆ ಮುಂದಿನ ಸಂಬಳವೇ ಇಲ್ಲವಲ್ಲ! ಹಾಗಾಗಿ ರಿಟರ್ನ್ (ವರ್ಷದ ಆದಾಯ, ತೆರಿಗೆಯ ಲೆಕ್ಕ) ಹಾಕಿಯೇ ವಾಪಸ್ ಪಡೆಯಬೇಕು.

2026ರ ಜುಲೈನಲ್ಲಿ ರಿಟರ್ನ್ ಹಾಕಿ ಆಗಸ್ಟ್‌ನಲ್ಲಿ ದುಡ್ಡು ಬಂತು ಅನ್ನೋಣ. 244ಎ ಕಲಂ ಪ್ರಕಾರ ತಿಂಗಳಿಗೆ ಅರ್ಧ ಪರ್ಸೆಂಟ್ ಸರಳ ಬಡ್ಡಿ ಸಿಗುತ್ತದೆ. ಏಪ್ರಿಲ್‌ನಿಂದ ಆಗಸ್ಟ್ ಅಂದರೆ ಐದು ತಿಂಗಳು, 1,625 ರೂಪಾಯಿ. ಪರವಾಗಿಲ್ಲ ಅನಿಸುತ್ತದೆ ಅಲ್ವಾ? ಆದರೆ ಆ ಬಡ್ಡಿ ಶುರುವಾಗುವುದೇ 2026ರ ಏಪ್ರಿಲ್ 1ರಿಂದ. ಅವಳ ಮೊದಲ 8,125 ಹೋದದ್ದು 2025ರ ಏಪ್ರಿಲ್ ಸಂಬಳದಲ್ಲಿ. ಆ ಹನ್ನೊಂದು ತಿಂಗಳಿಗೆ ಒಂದು ಪೈಸೆ ಬಡ್ಡಿ ಇಲ್ಲ. ಅದೇ ಅರ್ಧ ಪರ್ಸೆಂಟ್ ಲೆಕ್ಕವನ್ನು ಎಂಟೂ ಕಂತುಗಳಿಗೆ ಹಾಕಿ ನೋಡಿದೆ: ಮಾರ್ಚ್ ಕೊನೆಯವರೆಗೆ ಕೈತಪ್ಪಿದ ಬಡ್ಡಿ 2,437 ರೂಪಾಯಿ. ಕೊಟ್ಟದ್ದಕ್ಕಿಂತ ಕೊಡದೇ ಇದ್ದದ್ದೇ ಜಾಸ್ತಿ. ಸಾಲದ್ದಕ್ಕೆ ಆ 1,625 ಕೂಡ ಅವಳ ಮುಂದಿನ ವರ್ಷದ ಆದಾಯ, ಅದನ್ನೂ ರಿಟರ್ನ್‌ನಲ್ಲಿ ತೋರಿಸಬೇಕು. ಸುಮಾರು ಜನ ಇದನ್ನು ಮರೆಯುತ್ತಾರೆ.

ಇನ್ನೂ ಎರಡು ಷರತ್ತುಗಳಿವೆ. ರಿಟರ್ನ್ ತಡವಾಗಿ ಹಾಕಿದರೆ ಬಡ್ಡಿ ಹಾಕಿದ ದಿನದಿಂದ ಮಾತ್ರ. ರೀಫಂಡ್ ಮೊತ್ತ ನಿಮ್ಮ ಒಟ್ಟು ತೆರಿಗೆಯ 10 ಪರ್ಸೆಂಟ್‌ಗಿಂತ ಕಮ್ಮಿ ಇದ್ದರೆ ಬಡ್ಡಿಯೇ ಇಲ್ಲ. ಅದೇ ನಾವು ಅವರಿಗೆ ಬಾಕಿ ಇದ್ದರೆ? ತಿಂಗಳಿಗೆ 1 ಪರ್ಸೆಂಟ್. ಅವರು ಕೊಡುವಾಗ ಅರ್ಧ, ತಗೊಳ್ಳುವಾಗ ಒಂದು.

"ಒಂಥರಾ ಉಳಿತಾಯ ಆಗತ್ತೆ ಬಿಡಿ, ಕೈಲಿದ್ರೆ ಖರ್ಚಾಗೋದು" ಅನ್ನುವವರಿದ್ದಾರೆ. ಆ ಮಾತಿಗೆ ನಾನು ನಗುವುದಿಲ್ಲ, ನನ್ನ ಕೈಯೂ ಅಷ್ಟೇ ತೂತು. ಆದರೆ ಅದಕ್ಕೆ ಆರ್‌ಡಿ ಅಂತ ಒಂದಿದೆ, ಸಂಬಳ ಬಿದ್ದ ಮಾರನೇ ದಿನ ತಾನೇ ಕಟ್ ಆಗುತ್ತದೆ, ಬಡ್ಡಿ ಮೊದಲ ತಿಂಗಳಿಂದಲೇ ಓಡುತ್ತದೆ, ಕಷ್ಟ ಬಂದರೆ ಮುರಿಸಿಕೊಳ್ಳಬಹುದು. ಟಿಡಿಎಸ್ ಮುರಿಸಿಕೊಳ್ಳಲು ಆಗುವುದಿಲ್ಲ.

ಈಗ ನನ್ನ ಏಪ್ರಿಲ್ ಮೇಲ್ ವಿಷಯಕ್ಕೆ ಬರುತ್ತೇನೆ. 2023-24ರಿಂದ ಹೊಸ ಪದ್ಧತಿಯೇ ಡಿಫಾಲ್ಟ್. ನೌಕರರನ್ನು 'ಯಾವ ಪದ್ಧತಿ ಬೇಕು' ಅಂತ ಕೇಳಬೇಕು, ಉತ್ತರ ಬರದಿದ್ದರೆ ಹೊಸ ಪದ್ಧತಿ ಅಂತಲೇ ಹಿಡಿದು ಟಿಡಿಎಸ್ ಮಾಡಬೇಕು ಅಂತ 2023ರ ಏಪ್ರಿಲ್ 5ರಂದು ನೇರ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿತು. ಮೇಲ್ ಓದದೆ ಬಿಟ್ಟವರಿಗೆ ಇಲ್ಲೇ ಪೆಟ್ಟು.

ಬಹಳಷ್ಟು ಜನರಿಗೆ ಹೊಸ ಪದ್ಧತಿಯೇ ಲಾಭ, ಅದರಲ್ಲಿ ಅನುಮಾನ ಇಲ್ಲ. ಅದೇ 15 ಲಕ್ಷ ಸಂಬಳದ ಇನ್ನೊಬ್ಬನನ್ನು ತಗೊಳ್ಳಿ. ಬೇಸಿಕ್ ತಿಂಗಳಿಗೆ 50,000, ಎಚ್‌ಆರ್‌ಎ (ಬಾಡಿಗೆ ಭತ್ಯೆ) 25,000, ಬಾಡಿಗೆಯೂ 25,000. ಇಲ್ಲೊಂದು ತಮಾಷೆ ಇದೆ. 1962ರ ನಿಯಮಗಳ ಲೆಕ್ಕದಲ್ಲಿ ಬೆಂಗಳೂರು ಮೆಟ್ರೋ ನಗರ ಆಗಿರಲಿಲ್ಲ! ಮುಂಬೈ, ದೆಹಲಿ, ಕೋಲ್ಕತ್ತಾ, ಚೆನ್ನೈಗೆ ಬೇಸಿಕ್‌ನ 50 ಪರ್ಸೆಂಟ್‌ವರೆಗೆ ವಿನಾಯಿತಿ ಇತ್ತು, ನಮಗೆ 40. ಇಂದಿರಾನಗರದಲ್ಲಿ ಮನೆ ಹುಡುಕಿದವರು ಯಾರೂ ಆ ನಿಯಮ ಬರೆದಿರಲಿಕ್ಕಿಲ್ಲ. ಇರಲಿ, ಎಚ್‌ಆರ್‌ಎ ವಿನಾಯಿತಿ 2.4 ಲಕ್ಷ ಆಯಿತು. 80ಸಿ (ಪಿಎಫ್, ಜೀವ ವಿಮೆಯಂಥ ಉಳಿತಾಯ) 1.5 ಲಕ್ಷ, ಆರೋಗ್ಯ ವಿಮೆ 25,000, ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ಪ್ರೊಫೆಷನಲ್ ಟ್ಯಾಕ್ಸ್ 2,500 ಎಲ್ಲ ಕಳೆದರೂ ಹಳೇ ಪದ್ಧತಿಯಲ್ಲಿ ತೆರಿಗೆ 1,27,140. ಹೊಸತರಲ್ಲಿ 97,500. ಇಷ್ಟೆಲ್ಲ ರಸೀದಿ ಒಟ್ಟುಹಾಕಿದ ಮೇಲೂ ಹಳೇದು ಸೋಲುತ್ತದೆ.

ಆದರೆ ಇದೇ ಮನುಷ್ಯನಿಗೆ ಮೈಸೂರಿನಲ್ಲಿ ಸಾಲ ಮಾಡಿ ಕಟ್ಟಿಸಿದ ಮನೆ ಇದೆ, ಅಪ್ಪ ಅಮ್ಮ ಅಲ್ಲಿದ್ದಾರೆ, ವರ್ಷಕ್ಕೆ 2 ಲಕ್ಷ ಬಡ್ಡಿ ಕಟ್ಟುತ್ತಿದ್ದಾನೆ ಅಂದರೆ ಕಥೆ ತಿರುಗುತ್ತದೆ. ಹಳೇ ಪದ್ಧತಿಯಲ್ಲಿ ತೆರಿಗೆ 82,160ಕ್ಕೆ ಇಳಿಯಿತು. ಕಂಪನಿ ಡಿಫಾಲ್ಟ್ ಪ್ರಕಾರ 97,500 ಹಿಡಿದಿದೆ. ವ್ಯತ್ಯಾಸ 15,340, ಅದೇ ರೀಫಂಡ್. ರಿಟರ್ನ್ ಹಾಕುವಾಗ ಪದ್ಧತಿ ಬದಲಿಸಬಹುದು, ಆದರೆ ಗಡುವಿನೊಳಗೆ ಹಾಕಿದರೆ ಮಾತ್ರ. ತಡವಾದರೆ ಆ 15,340 ಮರೆತುಬಿಡಿ. ಒಂದು ಮೇಲ್‌ಗೆ ಉತ್ತರ ಕೊಟ್ಟಿದ್ದರೆ ತಿಂಗಳಿಗೆ ಸುಮಾರು 1,280 ರೂಪಾಯಿ ಕೈಯಲ್ಲೇ ಇರುತ್ತಿತ್ತು. ಅಂಕಿ ಬೇರೆಯಾದರೂ ನನ್ನ ಸ್ವೀಟ್ ಬಾಕ್ಸ್ ಕಥೆ ಇದೇ.

ಏಪ್ರಿಲ್‌ನಲ್ಲಿ ಡಿಕ್ಲರೇಷನ್ ಕೊಟ್ಟವರಿಗೂ ಜನವರಿಯಲ್ಲಿ ಪರೀಕ್ಷೆ ಇದೆ. ಪ್ರೂಫ್ ಸೀಸನ್, ಅಂದರೆ ಹೇಳಿದ್ದಕ್ಕೆಲ್ಲ ದಾಖಲೆ ತೋರಿಸುವ ಸಮಯ. ಬಾಡಿಗೆ ವರ್ಷಕ್ಕೆ 1 ಲಕ್ಷ ದಾಟಿದರೆ ಓನರ್ ಪ್ಯಾನ್ ಬೇಕು. "ಸರ್, ಪ್ಯಾನ್ ನಂಬರ್ ಸ್ವಲ್ಪ..." ಅಂತ ಗೇಟಿನ ಹತ್ತಿರ ನಿಂತು ಕೇಳಿದವರಿಗೆ ಮುಂದಿನದು ಗೊತ್ತು. "ನೋಡಪ್ಪಾ, ಅದೆಲ್ಲ ನಮ್ ಕಡೆ ಕೊಡಲ್ಲ, ಮೊದಲೇ ಹೇಳಿದ್ವಲ್ಲ" ಅನ್ನುತ್ತಾರೆ ಓನರ್, ಹೇಳಿರುವುದಿಲ್ಲ. ಪ್ಯಾನ್ ಇಲ್ಲದೆ ಕಂಪನಿ ಎಚ್‌ಆರ್‌ಎ ಒಪ್ಪುವುದಿಲ್ಲ. ಹತ್ತು ತಿಂಗಳು ಕಮ್ಮಿ ಹಿಡಿದದ್ದನ್ನೆಲ್ಲ ಸೇರಿಸಿ ಫೆಬ್ರವರಿ, ಮಾರ್ಚ್ ಸಂಬಳದಲ್ಲಿ ಒಟ್ಟಿಗೆ ಎಳೆಯುತ್ತಾರೆ. ಮಾರ್ಚ್ ಸಂಬಳ ನೋಡಿ ಕಣ್ಣಲ್ಲಿ ನೀರು ಬಂದವರಿದ್ದಾರೆ. ಮನೆ ಹಿಡಿಯುವಾಗಲೇ, ಅಡ್ವಾನ್ಸ್ ಕೊಡುವ ಮೊದಲೇ, ಪ್ಯಾನ್ ಮಾತು ಮುಗಿಸಿಕೊಳ್ಳಿ.

ದಾನಕ್ಕೆ ಸಿಗುವ 80ಜಿ ವಿನಾಯಿತಿಯನ್ನು ಮಾತ್ರ ಸಾಮಾನ್ಯವಾಗಿ ಕಂಪನಿ ಲೆಕ್ಕಕ್ಕೆ ತಗೊಳ್ಳುವುದಿಲ್ಲ, ಅದು ರಿಟರ್ನ್‌ನಲ್ಲೇ ಬರಬೇಕು. ಅಂಥ ರೀಫಂಡ್ ಸಹಜ.

ಯಾರೂ ಹೆಚ್ಚು ಮಾತಾಡದ ಒಂದು ದಾರಿ ಫಾರ್ಮ್ 12ಬಿಎಎ. 2024ರ ಅಕ್ಟೋಬರ್‌ನಲ್ಲಿ ಬಂತು. ಸಂಬಳ ಬಿಟ್ಟು ಬೇರೆ ಎಲ್ಲಾದರೂ ನಿಮ್ಮಿಂದ ಟಿಡಿಎಸ್ ಅಥವಾ ಟಿಸಿಎಸ್ (ಮಾರುವವರು ಬೆಲೆಯ ಜೊತೆ ವಸೂಲಿ ಮಾಡುವ ತೆರಿಗೆ) ಹಿಡಿದಿದ್ದರೆ ಅದನ್ನು ಕಂಪನಿಗೆ ತಿಳಿಸಿ, ಸಂಬಳದ ಕಟಾವಿನಲ್ಲಿ ಅಷ್ಟು ಕಮ್ಮಿ ಮಾಡಿಸಿಕೊಳ್ಳಬಹುದು. ಉದಾಹರಣೆಗೆ 14 ಲಕ್ಷದ ಕಾರು ತಗೊಂಡಿರಿ. 10 ಲಕ್ಷ ಮೀರಿದ ವಾಹನಕ್ಕೆ ಶೋರೂಮ್‌ನವರು 1 ಪರ್ಸೆಂಟ್ ಟಿಸಿಎಸ್ ಹಾಕುತ್ತಾರೆ. ಆನ್‌ರೋಡ್ ಬೆಲೆಯ ಉದ್ದ ಪಟ್ಟಿಯಲ್ಲಿ, ಇನ್ಶೂರೆನ್ಸ್ ಮತ್ತು ಫಾಸ್ಟ್‌ಟ್ಯಾಗ್ ನಡುವೆ ಎಲ್ಲೋ, 14,000 ಅಂತ ಒಂದು ಸಾಲು ಇರುತ್ತದೆ. ಅದು ಕಾರಿನ ಬೆಲೆ ಅಲ್ಲ, ನಿಮ್ಮ ಪ್ಯಾನ್ ಹೆಸರಲ್ಲಿ ಮುಂಗಡ ಕಟ್ಟಿದ ತೆರಿಗೆ. ನವೆಂಬರ್‌ನಲ್ಲಿ ಕಾರು ಬಂದು, ತಕ್ಷಣ ಈ ಫಾರ್ಮ್ ಕೊಟ್ಟರೆ ಮಾರ್ಚ್ ಒಳಗೆ ಅಷ್ಟೂ ಸಂಬಳದಲ್ಲೇ ವಾಪಸ್ ಬಂದಂತೆ. ಫಾರಿನ್ ಟೂರ್ ಪ್ಯಾಕೇಜ್ ಮೇಲೆ ಹಿಡಿಯುವ ಟಿಸಿಎಸ್‌ಗೂ ಇದೇ ದಾರಿ. ನಿಮ್ಮ ಹೆಸರಲ್ಲಿ ಹಿಡಿದ ತೆರಿಗೆಯ ಪಟ್ಟಿ ಇರುವ ಫಾರ್ಮ್ 26ಎಎಸ್ ತೆಗೆದು ನೋಡಿ, ಮರೆತೇಹೋದ ದುಡ್ಡು ಅಲ್ಲಿ ಕೂತಿರುತ್ತದೆ.

ಉಲ್ಟಾ ಕೇಸು ವರ್ಷದ ಮಧ್ಯೆ ಕೆಲಸ ಬದಲಿಸಿದವರದ್ದು. ಹಳೇ ಕಂಪನಿಯ ಸಂಬಳ, ಟಿಡಿಎಸ್ ವಿವರವನ್ನು ಹೊಸ ಕಂಪನಿಗೆ ಫಾರ್ಮ್ 12ಬಿ ಮೂಲಕ ಕೊಡಬೇಕು. ಕೊಡದಿದ್ದರೆ ಎರಡೂ ಕಡೆಯವರು ತೆರಿಗೆ ಇಲ್ಲದ 4 ಲಕ್ಷ, 75,000ದ ಡಿಡಕ್ಷನ್ ಎರಡನ್ನೂ ತಲಾ ಒಂದು ಸಲ ಕೊಟ್ಟುಬಿಡುತ್ತಾರೆ. ತಿಂಗಳು ತಿಂಗಳು ಕೈಗೆ ಜಾಸ್ತಿ ಬರುತ್ತದೆ, ಖುಷಿಯೋ ಖುಷಿ. ಜುಲೈನಲ್ಲಿ ಎರಡು ಫಾರ್ಮ್ 16 (ಸಂಬಳ, ಟಿಡಿಎಸ್ ಬಗ್ಗೆ ಕಂಪನಿ ಕೊಡುವ ಸರ್ಟಿಫಿಕೇಟ್) ಸೇರಿಸಿದಾಗ ಬಾಕಿ, ಅದರ ಮೇಲೆ ಬಡ್ಡಿ.

ಸಂಬಳ ಅಲ್ಲದ ಕಡೆ ರೀಫಂಡ್ ಇನ್ನೂ ದೊಡ್ಡದು. ಆಸ್ಪತ್ರೆಗೆ ಕನ್ಸಲ್ಟೆಂಟ್ ಆಗಿ ಹೋಗುವ ಡಾಕ್ಟರ್ ಒಬ್ಬರಿಗೆ ವರ್ಷಕ್ಕೆ 20 ಲಕ್ಷ ಫೀಸು ಅನ್ನಿ. 194ಜೆ ಪ್ರಕಾರ 10 ಪರ್ಸೆಂಟ್, ಅಂದರೆ 2 ಲಕ್ಷ ಟಿಡಿಎಸ್. 44ಎಡಿಎ ಅಡಿ (ವೃತ್ತಿಪರರು ಖರ್ಚಿನ ಲೆಕ್ಕ ಇಡದೆ ಆದಾಯ ತೋರಿಸುವ ಅವಕಾಶ) ಫೀಸಿನ ಅರ್ಧವನ್ನು ಆದಾಯ ಅಂತ ತೋರಿಸಿದರೆ 10 ಲಕ್ಷ, ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆ. ಪೂರ್ತಿ 2 ಲಕ್ಷ ವಾಪಸ್! ವರ್ಷ ವರ್ಷ ಹೀಗೇ ಆಗುತ್ತಿದ್ದರೆ 197ನೇ ಕಲಂ ಅಡಿ ಫಾರ್ಮ್ 13 ಹಾಕಿ, ಕಮ್ಮಿ ದರದಲ್ಲಿ ಹಿಡಿಯಿರಿ ಅನ್ನುವ ಸರ್ಟಿಫಿಕೇಟ್ ತಗೊಳ್ಳಬಹುದು. ಓಡಾಟ ಇದೆ, ಆದರೆ 2 ಲಕ್ಷಕ್ಕೆ ಓಡಾಡಬಹುದು.

ಹೊರದೇಶದಲ್ಲಿರುವ ನಮ್ಮವರಿಗೂ ಇದು ತಟ್ಟುತ್ತದೆ. ಜಯನಗರದ ಮನೆ ಬಾಡಿಗೆಗೆ ಕೊಟ್ಟು ಅಮೆರಿಕದಲ್ಲಿದ್ದರೆ ಬಾಡಿಗೆದಾರ 31.2 ಪರ್ಸೆಂಟ್ ಟಿಡಿಎಸ್ ಹಿಡಿಯಬೇಕು, ಎನ್‌ಆರ್‌ಒ (ಅನಿವಾಸಿಗಳು ಇಲ್ಲಿಯ ಆದಾಯ ಇಡುವ ಖಾತೆ) ಎಫ್‌ಡಿ ಬಡ್ಡಿಗೂ ಬ್ಯಾಂಕು ಹೆಚ್ಚುಕಮ್ಮಿ ಅಷ್ಟೇ. ನಿಜವಾದ ತೆರಿಗೆ ಬಹಳ ಸಲ ಅಷ್ಟಿರುವುದಿಲ್ಲ, ಹಾಗಾಗಿ ಇಲ್ಲೂ ರಿಟರ್ನ್ ಹಾಕಿಯೇ ತಗೊಳ್ಳಬೇಕು. ಅಲ್ಲಿಯ ಕಥೆ ಇನ್ನೊಂದು. ಅಮೆರಿಕದಲ್ಲಿ ನೌಕರ ಡಬ್ಲ್ಯೂ-4 ಅನ್ನುವ ಫಾರ್ಮ್ ತುಂಬಿ ಕಟಾವನ್ನು ತಾನೇ ಹೇಳಬಹುದು, ವರ್ಷದಲ್ಲಿ ಯಾವಾಗ ಬೇಕಾದರೂ ಬದಲಿಸಬಹುದು. ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದು, ಅದರ ಎರಡನೇ ಹಂತದಲ್ಲಿ ಆ ವಿಷಯ ಹೇಳದೇ ಬಿಟ್ಟರೆ ಇಬ್ಬರಿಂದಲೂ ಕಮ್ಮಿ ಹಿಡಿದು ಏಪ್ರಿಲ್‌ನಲ್ಲಿ ಕಟ್ಟಬೇಕಾಗುತ್ತದೆ. 2025ರ ಜುಲೈ 4ರಂದು ಬಂದ ಕಾನೂನು ಆ ಇಡೀ ವರ್ಷಕ್ಕೆ ಕೆಲವು ತೆರಿಗೆ ಕಮ್ಮಿ ಮಾಡಿತು, ಆದರೆ ಆ ವರ್ಷದ ಕಟಾವಿನ ಪಟ್ಟಿಯನ್ನು ಅಲ್ಲಿಯ ಇಲಾಖೆ ಬದಲಿಸಲಿಲ್ಲ. ಜಾಸ್ತಿ ಹಿಡಿದದ್ದೆಲ್ಲ 2026ರಲ್ಲಿ ರೀಫಂಡ್ ಆಗಿ ಬರಬೇಕಾಯಿತು. ಅಲ್ಲಿ ಸಮಯಕ್ಕೆ ಸರಿಯಾಗಿ ಕೊಟ್ಟರೆ ಬಡ್ಡಿಯೇ ಇಲ್ಲ, ಇಲ್ಲಿಯ ಅರ್ಧ ಪರ್ಸೆಂಟೇ ವಾಸಿ.

ರೀಫಂಡ್ ಮೇಲಿನ ಈ ಮೋಹಕ್ಕೆ ಒಂದು ಕೆಟ್ಟ ಮುಖವೂ ಇದೆ. "ನಿಮ್ಗೆ 80 ಸಾವಿರ ರೀಫಂಡ್ ಮಾಡಿಸ್ತೀನಿ, ನಂಗೆ ಅದ್ರಲ್ಲಿ ಇಷ್ಟು ಪರ್ಸೆಂಟ್" ಅನ್ನುವ ಏಜೆಂಟರು ಎಲ್ಲ ಊರಲ್ಲೂ ಇದ್ದಾರೆ. ಕೊಡದ ಬಾಡಿಗೆ, ಮಾಡದ ದಾನ, ಹೆಸರೇ ಕೇಳದ ಪಕ್ಷಗಳಿಗೆ ದೇಣಿಗೆ ಬರೆದು ರಿಟರ್ನ್ ಹಾಕುತ್ತಾರೆ. 2025ರ ಜುಲೈ 14ರಂದು ಇಲಾಖೆ ದೇಶದಲ್ಲಿ ಸುಮಾರು 150 ಕಡೆ ತಪಾಸಣೆ ಮಾಡಿತು. ಅದಕ್ಕೆ ಮೊದಲಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನ ತಾವಾಗಿಯೇ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮು ವಾಪಸ್ ತಗೊಂಡಿದ್ದರು ಅಂತ ಅವರೇ ಹೇಳಿದರು. ಅದೇ ಡಿಸೆಂಬರ್‌ನಲ್ಲಿ ಎಷ್ಟೋ ಜನರ ಫೋನಿಗೆ ಮೆಸೇಜು: ನಿಮ್ಮ ರೀಫಂಡ್ ತಡೆಹಿಡಿದಿದೆ, ತಪ್ಪಿದ್ದರೆ 31ರೊಳಗೆ ತಿದ್ದಿ. ಏಜೆಂಟ್ ಫೋನ್ ಎತ್ತುವುದಿಲ್ಲ, ಸಹಿ ನಿಮ್ಮದು. ಸುಳ್ಳು ಅಂತ ಸಾಬೀತಾದರೆ ದಂಡ ತಪ್ಪಿಸಿದ ತೆರಿಗೆಯ 200 ಪರ್ಸೆಂಟ್.

ಏನೂ ತಪ್ಪು ಮಾಡದವರ ರೀಫಂಡ್ ಕೂಡ ಸಣ್ಣ ಕಾರಣಕ್ಕೆ ಸಿಕ್ಕಿಕೊಳ್ಳುತ್ತದೆ. ದೇಶದ ಯಾವ ಮೂಲೆಯ ರಿಟರ್ನ್ ಆದರೂ ಪ್ರೊಸೆಸ್ ಆಗುವುದು ನಮ್ಮ ಬೆಂಗಳೂರಿನ ಸಿಪಿಸಿಯಲ್ಲಿ, ಅಂದರೆ ಇಲಾಖೆಯ ಕೇಂದ್ರೀಕೃತ ಪ್ರೊಸೆಸಿಂಗ್ ಕಚೇರಿಯಲ್ಲಿ. ಅದಕ್ಕೇ ಒಂದು ಪಿನ್‌ಕೋಡ್ ಇದೆ, 560500. ಹಾಗಂತ ನಾವು ಬಸ್ ಹತ್ತಿ ಹೋಗಿ ಕೇಳುವ ಹಾಗಿಲ್ಲ, ಎಲ್ಲ ಪೋರ್ಟಲ್ ಮೂಲಕವೇ. ಹಾಕಿದ 30 ದಿನದೊಳಗೆ ಇ-ವೆರಿಫೈ ಮಾಡಬೇಕು. ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಆಗಿರಬೇಕು. ನಮ್ಮ ಕಡೆಯವರು ಇದನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು, ಯಾಕೆಂದರೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ನಾಲ್ಕೂ 2017ರಿಂದ 2020ರೊಳಗೆ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಐಎಫ್‌ಎಸ್‌ಸಿ ಬದಲಾಗಿದೆ, ಪೋರ್ಟಲ್‌ನಲ್ಲಿ ಹಳೇದೇ ಕೂತಿರಬಹುದು. ಹಾಗೇ ಹಳೇ ವರ್ಷದ ಯಾವುದಾದರೂ ಬಾಕಿ ಇದ್ದರೆ ರೀಫಂಡ್‌ನಿಂದ ಮುರಿದುಕೊಳ್ಳುವ ಮೊದಲು ನೋಟಿಸ್ ಕಳಿಸುತ್ತಾರೆ. ಉತ್ತರಿಸಲು 21 ದಿನ. ಸುಮ್ನಿದ್ದರೆ ಒಪ್ಪಿದ ಹಾಗೆ.

ಅಪ್ಪನ ಪ್ರಶ್ನೆಗೆ ಉತ್ತರ ಹುಡುಕುವಾಗ ಇನ್ನೊಂದು ವಿಷಯ ಗಮನಿಸಿದೆ. ಅವರಿಗೆ ಇಷ್ಟು ವರ್ಷದಲ್ಲಿ ರೀಫಂಡ್ ಬಂದೇ ಇಲ್ಲ. ಪೆನ್ಷನ್ ಜೊತೆಗೆ ಎಫ್‌ಡಿ ಬಡ್ಡಿ ಇದೆ, ತೆರಿಗೆ ಬರುವಷ್ಟು ಆದಾಯ ಇಲ್ಲ. ಪ್ರತಿ ಏಪ್ರಿಲ್ ಮೊದಲ ವಾರ ಛತ್ರಿ ಹಿಡಿದು ಬ್ಯಾಂಕಿಗೆ ಹೋಗಿ 15ಎಚ್ (ನನಗೆ ತೆರಿಗೆ ಬರುವುದಿಲ್ಲ, ಟಿಡಿಎಸ್ ಹಿಡಿಯಬೇಡಿ ಅಂತ ಹಿರಿಯರು ಕೊಡುವ ಫಾರ್ಮ್) ಕೊಟ್ಟು, ಎರಡನೇ ಪ್ರತಿಗೆ ಸೀಲು ಹಾಕಿಸಿಕೊಂಡು ಬರುತ್ತಾರೆ. ಬ್ಯಾಂಕು ಒಂದು ರೂಪಾಯಿ ಹಿಡಿಯುವುದಿಲ್ಲ.

ನಾನು ಈಗ ವರ್ಷಕ್ಕೆ ಎರಡು ಸಲ ಕೂರುತ್ತೇನೆ. ಏಪ್ರಿಲ್‌ನಲ್ಲಿ ಮೇಲ್‌ಗೆ ಉತ್ತರ ಕೊಡುವ ಮೊದಲು ಎರಡೂ ಪದ್ಧತಿಯ ಲೆಕ್ಕ ಹಾಕುತ್ತೇನೆ. ಡಿಸೆಂಬರ್ ಮೊದಲ ವಾರ ನವೆಂಬರ್‌ವರೆಗಿನ ಟಿಡಿಎಸ್ ಕೂಡಿ, ವರ್ಷದ ತೆರಿಗೆಯಿಂದ ಕಳೆದು, ಉಳಿದ ನಾಲ್ಕು ತಿಂಗಳಿಗೆ ಭಾಗಿಸಿ, ಪೇಸ್ಲಿಪ್‌ನ ಅಂಕಿಯ ಜೊತೆ ಹೋಲಿಸುತ್ತೇನೆ. ವ್ಯತ್ಯಾಸ ಜಾಸ್ತಿ ಇದ್ದರೆ ಪೇರೋಲ್‌ನವರಿಗೆ ಆಗಲೇ ಮೇಲ್. ಕಳೆದ ಸಲ ಕೊನೆಗೆ ಬಂದ ರೀಫಂಡ್ 340 ರೂಪಾಯಿ. ಆಫೀಸಿನಲ್ಲಿ "ಸ್ವೀಟ್ ಎಲ್ಲಿ?" ಅಂತ ಕೇಳಿದರು. ಕ್ಯಾಂಟೀನ್‌ನಲ್ಲಿ ಎಲ್ಲರಿಗೂ ಒಂದೊಂದು ಮದ್ದೂರು ವಡೆ ಕೊಡಿಸಿದೆ.